ಡೋಗ್ವಾಂಗ್ ಹದಿನೇಳರ ಪೆಟ್ಟಿಗೆ

ಡೋಗ್ವಾಂಗ್ ಹದಿನೇಳನೆಯ ವರ್ಷದ ಪೆಟ್ಟಿಗೆಯಲ್ಲಿ ಒಂಬತ್ತು ಕಾಗದ ಇರಬೇಕಿತ್ತು. ಎಂಟೇ ಇದ್ದವು.

ಕಾಣೆಯಾದದ್ದು ಮಾಲ್‌ಬುನ್ ಅಜ್ಜಿಯ ಗುಡ್ಡದ ಪತ್ರ. ಆ ಇಳಿಜಾರು ಹಿರಿಯ ಮನೆಗೆ, ಎಂದರೆ ಅಜ್ಜಿಯ ಗಂಡನ ಕವಲಿಗೆ, ಸೇರಿದ್ದೆಂದು ೧೮೩೭ರಲ್ಲಿ ಗ್ವಾಕ್ ವಂಶದವರು ಬರೆದದ್ದು. ಇಂದು ಮಧ್ಯಾಹ್ನ ಮೂರಕ್ಕೆ ನ್ಯಾಯಾಲಯದಲ್ಲಿ ಮೂಲಪತ್ರ ತೋರಿಸದಿದ್ದರೆ ಗುಡ್ಡ ಅಜ್ಜಿಯ ಮೈದುನನ ಮಗ ಸಾಂಗ್‌ಡೋನ ಪಾಲು. ಅಲ್ಲಿರುವ ಅಜ್ಜಿಯ ಗಂಡನ ಸಮಾಧಿ ಅಗೆದು ಬೇರೆಡೆಗೆ ಒಯ್ಯಬೇಕು.

ನಮ್ಮೂರಿನ ಈ ಭಂಡಾರದಲ್ಲಿ ಹಳೆಯ ಕಾಗದಗಳನ್ನು ನೆರೆದೇಶದ ಮಿಂಗ್, ಚಿಂಗ್ ಚಕ್ರವರ್ತಿಗಳ ಶಕೆಯಂತೆ ಜೋಡಿಸುತ್ತೇವೆ; ಚಿಂಗ್ ದೊರೆ ಡೋಗ್ವಾಂಗ್‌ನ ಹದಿನೇಳನೆಯ ವರ್ಷ ಎಂದರೆ ೧೮೩೭. ಮೇಲ್ವಿಚಾರಕಿ ಬಾಂಗ್ ಸನ್‌ಹೀ. ನಾನು ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು. ಎರಡು ತಿಂಗಳಿಂದ ಅವರಿಗೆ ನೆರವು.

ಆ ಪೆಟ್ಟಿಗೆಯನ್ನು ನಿನ್ನೆ ಬೆಳಿಗ್ಗೆ ಸಾಂಗ್‌ಡೋ ತೆರೆದಿದ್ದ, ಸಂಜೆ ನಾನು. ಸಂಶಯಕ್ಕೆ ಇನ್ನೇನು ಬೇಕು? ಕರೆಸಿದಾಗ ಅವನು ಅಜ್ಜಿಯ ಎದುರೇ ಬ್ಯಾಗನ್ನು ಬೋರಲು ಹಾಕಿದ — ಕನ್ನಡಕ, ಕಾರಿನ ಕೀಲಿ, ಎರಡು ಸುಟ್ಟ ಗೆಣಸು.

“ಗುಡ್ಡ ಬೇಕು ದೊಡ್ಡಮ್ಮ, ನಿಜ. ಹಾಗಂತ ಮುತ್ತಜ್ಜನ ಕೈಬರಹ ಕದೀತೀನಾ?”

“ನನ್ನ ಹುದುಗು ಸೋಯಾದ ಜಾಡಿ ಕೇಳದೇ ಒಯ್ದೋನು ಯಾರಪ್ಪ?” ಎಂದಳು ಅಜ್ಜಿ.

ಇವನೇ ಕಳ್ಳ ಎಂದು ಬಾಂಗ್ ಅವರ ಕಿವಿಯಲ್ಲಿ ಹೇಳಿದೆ. ಅವರು ಉಳಿದ ಎಂಟು ಕಾಗದಗಳನ್ನೇ ಒಂದೊಂದಾಗಿ ನೋಡುತ್ತಿದ್ದರು. ಎಂಟರಲ್ಲೂ ‘ಡೋಗ್ವಾಂಗ್’ ಎಂದು ಸ್ಪಷ್ಟವಾಗಿತ್ತು. ಆಮೇಲೆ ಅಜ್ಜಿಯನ್ನು ವಿಚಿತ್ರವಾದದ್ದೊಂದು ಕೇಳಿದರು — ಗುಡ್ಡದ ಹಳೆಯ ಸಮಾಧಿಕಲ್ಲುಗಳ ಮೇಲೆ ಯಾರ ಶಕೆ ಕೆತ್ತಿದೆ?

“ಮಿಂಗ್ ದೊರೆ ಸುಂಗ್‌ಜಂಗ್‌ದು. ಅವನು ಸತ್ತು ಇನ್ನೂರು ವರ್ಷ ಆದ್ಮೇಲೂ ನಮ್ಮೋರು ಅವನ ಲೆಕ್ಕಾನೇ ಹಿಡಿದಿದ್ರು. ಚಿಂಗ್ ದೊರೆ ಹೆಸರು ಬರೆದ್ರೆ ಕುಂಚ ಕೊಳೆಯಾಗುತ್ತೆ ಅನ್ನೋರು. ಹಟಮಾರಿಗಳು.”

ಬಾಂಗ್ ನನ್ನತ್ತ ತಿರುಗಿದರು. “ಮೇಷ್ಟ್ರೇ, ನಿನ್ನೆ ಸಂಜೆ ಎಷ್ಟು ಕಾಗದ ‘ಸರಿಯಾದ’ ಪೆಟ್ಟಿಗೆಗೆ ಹಾಕಿದ್ರಿ?”

“ಹನ್ನೊಂದು,” ಎಂದೆ, ಹೆಮ್ಮೆಯಿಂದಲೇ.

ಅವರು ಗೋಡೆಯ ಕಡೆಯ ಸಾಲಿನಿಂದ ಸುಂಗ್‌ಜಂಗ್ ಪೆಟ್ಟಿಗೆ ಇಳಿಸಿದರು. ೧೬೪೪ಕ್ಕೆ ಮುಗಿದ ಶಕೆ. ಕಂದಿದ ಕಾಗದಗಳ ನಡುವೆ ಒಂದು ಮಾತ್ರ ಬೆಳ್ಳಗಿತ್ತು.

“ಓದಿ.”

“ಸುಂಗ್‌ಜಂಗ್ ನಂತರದ ನಾಲ್ಕನೇ ಜಂಗ್‌ಯು ವರ್ಷ...”

“ಅರವತ್ತು ವರ್ಷಕ್ಕೊಮ್ಮೆ ಬರೋ ಜಂಗ್‌ಯು, ಅವನಾದ್ಮೇಲೆ ನಾಲ್ಕನೇ ಸಲ. ಅಂದ್ರೆ ೧೮೩೭. ನನಗಿಂತ ಮುಂಚೆ ಇದ್ದೋರು ಲೆಕ್ಕ ಹಾಕಿ ಡೋಗ್ವಾಂಗ್‌ಗೆ ಹಾಕಿದ್ರು. ಉಳಿದ ಎಂಟೂ ಸರ್ಕಾರಿ ಕಾಗದ, ಅದಕ್ಕೆ ಡೋಗ್ವಾಂಗ್ ಅಂತಿದೆ. ಒಂಬತ್ತನೇದು ಮನೆ ಕಾಗದ. ಅದರ ಮೇಲೆ ಬೇರೆ ಹೆಸರಿದ್ದಿರಬೇಕು ಅನ್ನಿಸ್ತು. ಬೇರೆ ಹೆಸರು ಕಂಡ್ರೆ ತೆಗೆದು ಆ ಹೆಸರಿನ ಪೆಟ್ಟಿಗೆಗೆ ಹಾಕೋರು ಇಲ್ಲಿ ಒಬ್ಬರೇ.”

ಬಾಟಲಿಯ ಚೀಟಿ ಓದಿ ಒಳಗಿನದನ್ನು ನಂಬುವುದು ನನ್ನ ಹಳೆಯ ಅಭ್ಯಾಸ. ಚೀಟಿಯನ್ನೂ ನಾನು ಪೂರ್ತಿ ಓದಿರಲಿಲ್ಲ.

“ಕಳ್ಳ ಸಿಕ್ಕಿದ್ನಾ?” ಎಂದ ಸಾಂಗ್‌ಡೋ.

“ಸಿಕ್ಕಿದ್ರು. ನಮ್ಮ ಮೇಷ್ಟ್ರು.”

ಅವನ ಮುಂದೆ ತಲೆಬಾಗಿ ಕ್ಷಮೆ ಕೇಳಿದೆ. ಅವನು ನನ್ನ ಕೈಗೆ ಒಂದು ಗೆಣಸು ಇಟ್ಟ.

ಗಂಟೆ ಎರಡೂಕಾಲು. ಬಸ್ಸು ಹೋಗಿಯಾಗಿತ್ತು. ಕಾರು ಇದ್ದದ್ದು ಸಾಂಗ್‌ಡೋ ಒಬ್ಬನದೇ. ಅವನು ಪತ್ರವನ್ನು ಬಹಳ ಹೊತ್ತು ನೋಡಿದ, ಕೀಲಿ ಎತ್ತಿಕೊಂಡ.

“ಹತ್ತಿ ದೊಡ್ಡಮ್ಮ. ಸೋಲೋದಾದ್ರೆ ಮುತ್ತಜ್ಜನ ಮುಂದೇನೇ ಸೋಲ್ತೀನಿ.”

ಬಾಂಗ್ ಪತ್ರ ಹಿಡಿದು ಹಿಂದೆ ಕುಳಿತರು. ಅಜ್ಜಿ ಮುಂದಿನ ಸೀಟಿನಲ್ಲಿ ನೆಟ್ಟಗೆ ಕುಳಿತು ಬಾಗಿಲು ಎಳೆದುಕೊಂಡಳು.

“ಬರ್ತಾ ನಿನ್ನ ಮನೆಗೆ ಹೋಗೇ ಬರೋಣ,” ಎಂದಳು. “ಜಾಡಿ ಅಲ್ಲೇ ಇದೆ ತಾನೇ?”