ಕೊನೆಯ ಸೀಟಿನ ಹಿಂಜರಿಕೆ

"ನೀವು ನಗ್ತಾ ಇದ್ರಿ!"

ಕುಮಟೆಯ ಚಿತ್ರಮಂದಿರದ ಮೆಟ್ಟಿಲ ಮೇಲೆ ಕುಸುಮಾ ಅಪರಿಚಿತನೊಬ್ಬನನ್ನು ತಡೆದು ನಿಲ್ಲಿಸಿದ್ದಳು. ಅವಳ ಕಣ್ಣು ಇನ್ನೂ ಒದ್ದೆ.

"ಆ ಹುಡುಗಿ ಅಳೂವಾಗ ನಗು ಬಂತಲ್ಲ... ಎಂತಾ ಜನ ನೀವು?"

"ವಿಮರ್ಶಕ," ಎಂದ ರಾಜೀವ.

ಹದಿಮೂರರ ಹುಡುಗಿಯ ಭಾವನೆಗಳೆಲ್ಲ ಬಸ್ಸಿನ ಪ್ರಯಾಣಿಕರಾಗಿದ್ದ ಕಾರ್ಟೂನ್ ಸಿನಿಮಾದ ಎರಡನೇ ಭಾಗ ಅದು. ಈ ಸಲ ಹಿಂಜರಿಕೆ ಎಂಬ ಹೊಸಬಳು ಹತ್ತಿ, ಕೊನೆಯ ಸೀಟಿನಲ್ಲಿ ಕೂತು, ಕೊನೆಯವರೆಗೂ ಬಾಯಿ ಬಿಡಲಿಲ್ಲ.

ದೊಡ್ಡ ಪತ್ರಿಕೆಗಳು ನಾಲ್ಕು ಸ್ಟಾರ್ ಕೊಟ್ಟವು. ಮೊದಲ ಭಾಗದ ಭಕ್ತರು 'ಆ ಮಜಾ ಇಲ್ಲ' ಎಂದು ಗೊಣಗಿದರು. ಕುಮಟೆಯ ವಾರಪತ್ರಿಕೆಯ ಜಾಲತಾಣದಲ್ಲಿ ರಾಜೀವ ಬರೆದ: "ಮಾತೇ ಆಡದ ಪಾತ್ರಕ್ಕೆ ಸೀಟು ಯಾಕೆ?"

ಕೆಳಗೆ ಕುಸುಮಾಳ ಕಾಮೆಂಟು: "ಅವಳೂ ಟಿಕೆಟ್ ತೆಗೆಸಿದ್ದಾಳೆ, ಅದಕ್ಕೆ."

ರಾಜೀವ ನಕ್ಕ. ಈ ಸಲ ಸರಿಯಾದ ಜಾಗದಲ್ಲಿ.

ಮಳೆಗಾಲವಿಡೀ, ಅವಳು ಪಾಠ ಮಾಡುತ್ತಿದ್ದ ಶಾಲೆ ಬಿಟ್ಟ ಮೇಲೆ, ಚಹಾದಂಗಡಿಯಲ್ಲಿ ಇಬ್ಬರೂ ಅದೇ ಸಿನಿಮಾಕ್ಕೆ ಜಗಳವಾಡಿದರು. ಅಷ್ಟು ಮಾತಾಡುವಂಥದ್ದು ಅದರಲ್ಲಿ ಇರಲಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು!

ಆಮೇಲೆ ರಾಜೀವನಿಗೆ ಮೈಸೂರಿನ ಪತ್ರಿಕೆಯೊಂದರಲ್ಲಿ ಕೆಲಸ ಸಿಕ್ಕಿತು.

"ಒಳ್ಳೇದಾತು," ಎಂದಳು ಕುಸುಮಾ. ಇನ್ನೇನೂ ಕೇಳಲಿಲ್ಲ.

ಚಹಾ ಆರುವವರೆಗೂ ಅವನು ಕಾದ. 'ಯಾವಾಗ ಬರ್ತೀರಿ ಅಂತ ಕೇಳುವಷ್ಟೂ ನಾನು ಬೇಕಾಗಿಲ್ಲವೆ...'

ಅವನು ಹೋದ. ಫೋನ್ ಮಾಡಲಿಲ್ಲ. 'ಹೋದವರಿಗೆ ಕುಮಟೆ ಎಲ್ಲಿ ನೆನಪಿರ್ತದೆ...' ಎಂದುಕೊಂಡು ಅವಳೂ ಮಾಡಲಿಲ್ಲ.

ಎರಡು ವರ್ಷದ ಮೇಲೆ, ಸ್ನೇಹಿತನ ಮದುವೆಗೆಂದು ಬಂದವನು ಹೊರಡುವ ದಿನ ಅವಳಿಗೆ ಫೋನ್ ಮಾಡಿದ. ಅವಳು ಕುಮಟೆಯ ರೈಲ್ವೆ ಸ್ಟೇಷನ್ನಿಗೆ ಬಂದಳು.

"ಮೊನ್ನೆ ಟಿವಿಯಲ್ಲಿ ಆ ಸಿನಿಮಾ ಮತ್ತೆ ನೋಡಿದೆ. ಅತ್ತುಬಿಟ್ಟೆ."

"ವಿಮರ್ಶಕರು?!"

"ಕುಸುಮಾ, ಅವತ್ತು ಯಾವಾಗ ಬರ್ತೀರಿ ಅಂತ ನೀವು ಕೇಳಲೇ ಇಲ್ಲ..."

"ಹಾಂಗೆ ಕೇಳೂಕಾಗ್ತದಾ?" ಅವಳಿಗೆ ನಿಜಕ್ಕೂ ಆಶ್ಚರ್ಯ. "ನಮ್ಮ ತೆಂಗಿನಗುಂಡಿ ಮನೇಲಿ ಮೀನಿಗೆ ಅಂತ ದೋಣಿ ಹತ್ತೂವವ್ರಿಗೆ ಯಾರೂ ಅದನ್ನ ಕೇಳೂದಿಲ್ಲ. ಕೇಳಿದ್ರೆ ಹೋದವ್ರು ಬರೂದಿಲ್ಲ. ಅಪ್ಪ ಹೊರಟ್ರೆ ಆಯಿ ಒಲೆ ಕಡೆ ಮುಖ ಮಾಡಿ ಕೂತ್ಕಂತಾಳೆ."

"ನಾನು ಹೋಗಿದ್ದು ಬಸ್ಸಲ್ಲಿ ಮಾರಾಯ್ತಿ!"

"ನಂಗೆ ಹೆದ್ರಿಕೆ ಆಗೂಕೆ ಬಸ್ಸೂ ಸಾಕು."

ರಾಜೀವ ಬೆಂಚಿನ ಮೇಲೆ ಕೂತುಬಿಟ್ಟ. ಅವನು ತಿರುಗಿ ಬರಲಿ ಎಂದು ಅವತ್ತು ಅವಳು ಸುಮ್ಮನಿದ್ದಳು. ಸುಮ್ಮನಿದ್ದಳೆಂದು ಅವನು ಬರಲಿಲ್ಲ.

"ನಾನು ನಿಮ್ಮನ್ನ ಪ್ರೀತಿಸ್ತಿದ್ದೆ... ಈಗಲೂ."

"ನಾನೂ..." ಅವಳು ಹಳಿಗಳನ್ನು ನೋಡಿದಳು. "ಕಾರ್ತಿಕದಲ್ಲಿ ನನ್ನ ಮದುವೆ. ಮಾವಳ್ಳಿಯ ಜಗದೀಶ ಅಂತ. ಮಾತು ಕೊಟ್ಟಾಗಿದೆ."

"ಹೇಗೆ ಅವರು?"

"ಒಳ್ಳೆಯವ್ರು. ನೀವು ವಿಮರ್ಶೆ ಬರೆದ್ರೂ ಒಂದು ಸ್ಟಾರ್ ಕಡಿಮೆ ಮಾಡೂಕೆ ಆಗೂದಿಲ್ಲ."

ಇಬ್ಬರೂ ನಕ್ಕರು. ಅಷ್ಟರಲ್ಲಿ ರೈಲು ಬಂತು.

ಬಾಗಿಲಲ್ಲಿ ನಿಂತು ಅವನು ಅವಳನ್ನೇ ನೋಡಿದ. ಈಗ ಅವಳು 'ಯಾವಾಗ ಬರ್ತೀರಿ' ಎಂದು ಕೇಳಿಬಿಟ್ಟರೆ ಎಲ್ಲ ಮುಗಿಯುತ್ತದೆ. ಅವನು ಇನ್ನು ಬರುವುದಿಲ್ಲ, ಅವಳು ಕಾಯುವುದಿಲ್ಲ. ಜಗದೀಶನಿಗೆ ಅಷ್ಟಾದರೂ ನ್ಯಾಯ ಮಾಡಬೇಕಿತ್ತು. 'ಕೇಳು ಕುಸುಮಾ... ಕೇಳಿಬಿಡು!'

ರೈಲು ಅಲುಗಿತು. ಅವಳು ಬಾಯಿ ತೆರೆದಳು.

"ನೀರಿನ ಬಾಟ್ಲಿ ತಗಂಡ್ರಾ?"

ರಾಜೀವನ ಕಣ್ಣು ತುಂಬಿತು.

"ತಗೊಂಡೆ," ಎಂದ.