ಬೆಂಕಿಪೊಟ್ಟಣದ ಕಪಾಟು

ಬೆಳಿಗ್ಗೆ ಒಂಬತ್ತೂವರೆಗೆ ಇಮೆಲ್ಡಾ ತನ್ನ ಗೊಂಬೆಮನೆಗೆ ಹೊದಿಸಿದ್ದ ಬಟ್ಟೆ ಎತ್ತಿದಳು. ಮಂಚ ಇತ್ತು. ಸೋಫಾ ಇತ್ತು. ತೂಗುಕುರ್ಚಿಯೂ ಇದ್ದಲ್ಲೇ ಇತ್ತು. ಮಲಗುವ ಕೋಣೆಯ ಮೂಲೆಯ ಕಪಾಟು ಮಾತ್ರ ಮಾಯವಾಗಿತ್ತು.

ಬೆಳ್ಮಣ್ಣಿನ ಚರ್ಚ್ ಹಾಲಿನಲ್ಲಿದ್ದ ಹೆಂಗಸರೆಲ್ಲ ಒಮ್ಮೆಲೇ ತಿರುಗಿ ನೋಡಿದ್ದು ಗೊಂಬೆಮನೆಯನ್ನಲ್ಲ, ಜೆಸ್ಸಿಯನ್ನು.

ನೋಡದೆ ಏನು ಮಾಡುತ್ತಾರೆ? ಮನೆಯಲ್ಲಿ ಬಿಸಾಡುವ ಸಾಮಾನಿನಿಂದ ಗೊಂಬೆಗಳಿಗೆ ಮೇಜು ಕುರ್ಚಿ ಮಾಡುವ ಈ ಸ್ಪರ್ಧೆ ಶುರುವಾದದ್ದು ೧೯೭೯ರಲ್ಲಿ. ಮೊದಲೆರಡು ವರ್ಷವೂ ಮೊದಲ ಬಹುಮಾನ ಊರಿನ ದರ್ಜಿ ಜೆಸ್ಸಿಗೇ. ನೂಲಿನ ಖಾಲಿ ರೀಲು, ಒಡೆದ ಬಟನ್, ಚಿಂದಿ ಬಟ್ಟೆ ಅವಳ ಕೈಗೆ ಬಂದರೆ ಬಂಗಲೆಯ ಸಾಮಾನಾಗುತ್ತಿದ್ದವು. ಮೂರನೆಯ ವರ್ಷ ಈ ಇಮೆಲ್ಡಾ ಊರಿಗೆ ಸೊಸೆಯಾಗಿ ಬಂದಳು. ಅವಳ ತೂಗುಕುರ್ಚಿಯ ಕಾಲುಗಳು ಒಡೆದ ಬಳೆಯ ಎರಡು ತುಂಡು. ಬೆರಳು ತಾಗಿಸಿದರೆ ಸಾಕು, ಐದು ನಿಮಿಷ ತೂಗುತ್ತಿತ್ತು. ಹಿಂದಿನ ಸಂಜೆ ಅದರ ಮುಂದೆ ನಿಂತಾಗ ಜೆಸ್ಸಿಗೆ ಹೊಟ್ಟೆಯೊಳಗೆ ಒಲೆ ಹೊತ್ತಿಕೊಂಡಿತ್ತು. ಬಾಯಿ ಮುಚ್ಚಿಕೊಂಡಿರಬಹುದಿತ್ತು. ಮುಚ್ಚಿಕೊಳ್ಳಲಿಲ್ಲ.

“ಅರ್ಧ ಮನೆ ಬೆಂಕಿಪೊಟ್ಟಣದ್ದೇ ಅಲ್ವಾ,” ಎಂದಿದ್ದಳು ನಾಲ್ಕು ಜನ ಕೇಳುವ ಹಾಗೆ. “ಒಂದು ಕಡ್ಡಿ ಗೀರಿದರೆ ಮುಗೀತು.”

ಆ ಮಾತು ಈಗ ಹಾಲಿನ ತುಂಬ ಓಡಾಡತೊಡಗಿತು.

ವಿಚಾರಣೆಗೆ ನಿಂತವರು ಸ್ಪರ್ಧೆಯ ಮೇಲ್ವಿಚಾರಕ, ನಿವೃತ್ತ ಪೋಸ್ಟ್ ಮಾಸ್ಟರ್ ರೊಸಾರಿಯೊ. ತೀರ್ಪುಗಾರರು ಮಣಿಪಾಲದಿಂದ ಹೊರಟಾಗಿತ್ತು, ಹನ್ನೊಂದರ ಬಸ್ಸಿಗೆ ಬಂದಿಳಿಯುವವರು. ಹಾಲಿನ ಬೀಗದ ಕೈ ರಾತ್ರಿಯಿಡೀ ಕಾವಲಿನ ಡೆನಿಸನ ಸೊಂಟದಲ್ಲಿತ್ತು. ಎಂಟು ಗಂಟೆಗೆ ಬಾಗಿಲು ತೆಗೆದವನು ತಾನೇ, ಆಮೇಲೆ ಮೆಟ್ಟಿಲು ಬಿಟ್ಟು ಕದಲಲಿಲ್ಲ ಎಂದು ಅವನು ಹೇಳಿದ. ಒಂಬತ್ತರೊಳಗೆ ಒಳಗೆ ಹೋಗಿ ಬಂದವರು ಇಬ್ಬರೇ. ಪರದೆ ಕಟ್ಟಲು ಜೆಸ್ಸಿ, ಮೇಜಿಗೆ ಬಟ್ಟೆ ಹಾಸಲು ಬರ್ತಾಬಾಯಿ.

ಬರ್ತಾಬಾಯಿ ಮಹಿಳಾ ಸಂಘದ ಅಧ್ಯಕ್ಷೆ. ಗಂಡ ಲಿಯೋನೆಲ್ ಬಹರೈನ್‌ನಲ್ಲಿ. ಅವರನ್ನು ಸಂಶಯಿಸುವವರು ಯಾರು?

“ಅವಳ ಚೀಲ ನೋಡಿ ಮಾಸ್ಟ್ರೇ,” ಎಂದರು ಅವರೇ.

ಜೆಸ್ಸಿ ಚೀಲವನ್ನು ಮೇಜಿನ ಮೇಲೆ ಸುರಿದಳು. ಕತ್ತರಿ, ಅಳತೆಪಟ್ಟಿ, ಚಾಕ್. ಕಪಾಟಿಲ್ಲ. ಆದರೂ ಯಾರ ಮುಖವೂ ಸಡಿಲಾಗಲಿಲ್ಲ. ಹಿಂದಿನ ಬಾವಿಯಲ್ಲಿ ನೋಡಿದರೆ ಸಿಗಬಹುದು ಎಂದು ಒಬ್ಬಳು ಗೊಣಗಿದಳು. ಶಾಲೆಯ ಟೀಚರ್ ಮನೋರಮಾ ಹತ್ತಿರ ಬಂದು, ತಂಗಿಯ ಮದುವೆಗೆ ಕೊಟ್ಟ ಆರು ರವಿಕೆ ಕಣಗಳನ್ನು ಹೊಲಿಯುವುದು ಬೇಡ, ಹಾಗೇ ವಾಪಸ್ ಕೊಟ್ಟುಬಿಡು ಎಂದು ಮೆಲ್ಲಗೆ ಹೇಳಿದಳು.

ಜೆಸ್ಸಿ ಕತ್ತರಿ, ಚಾಕ್ ಎಲ್ಲ ಮತ್ತೆ ಚೀಲಕ್ಕೆ ತುಂಬಿದಳು. ಕಳ್ಳಿ ಎನಿಸಿಕೊಂಡ ದರ್ಜಿಯ ಕೈಗೆ ಯಾರು ಬಟ್ಟೆ ಕೊಡುತ್ತಾರೆ? ಮೂವತ್ತೆಂಟು ವರ್ಷದ ಒಂಟಿ ಹೆಂಗಸಿಗೆ ಆ ಮಿಷಿನ್ ಬಿಟ್ಟರೆ ಬೇರೆ ದಿಕ್ಕಿರಲಿಲ್ಲ.

ರೊಸಾರಿಯೊ ಮಾತ್ರ ಮಂಡಿಯೂರಿ ಮೇಜಿನ ಕೆಳಗೆ ತಲೆ ತೂರಿಸಿದ್ದರು. ಹೊರಬಂದಾಗ ಕೈಯಲ್ಲಿ ಹೆಬ್ಬೆರಳಿನಷ್ಟು ಡ್ರಾವರ್ ಇತ್ತು. ಬೆಂಕಿಪೊಟ್ಟಣದ ಒಳತಟ್ಟೆಗೆ ಬಟನ್ ಹಿಡಿ.

“ಇದು ಕಪಾಟಿನದ್ದಾ?”

“ಹೌದು,” ಎಂದಳು ಇಮೆಲ್ಡಾ. “ಒಟ್ಟು ಎಂಟು ಡ್ರಾವರ್.”

“ಒಳಗೆ ನೀಲಿ ಕಾಗದ ಉಂಟಲ್ಲ, ಅದು ಎಲ್ಲಿಯದು?”

ಮನೆಮನೆಯಿಂದ ಬೇಡಿ ತಂದ ಹಳೇ ಡಬ್ಬಿಗಳಲ್ಲಿ ಯಾವುದರದ್ದೋ ತಳದಲ್ಲಿ ಹಾಸಿತ್ತು, ತೆಳ್ಳಗೆ ಚೆಂದ ಕಂಡಿತು, ಕತ್ತರಿಸಿ ಅಂಟಿಸಿದೆ ಎಂದಳು ಅವಳು.

“ಓದಿದ್ದೆಯಾ?”

“ಮೈದಾ ಅಂಟು ಹಚ್ಚುವಾಗ ಯಾರು ಓದುತ್ತಾರೆ ಮಾಸ್ಟ್ರೇ?”

ರೊಸಾರಿಯೊ ಜೆಸ್ಸಿಯ ಕಡೆ ತಿರುಗಿದರು. “ನಿಜ ಹೇಳು. ಇದರಲ್ಲಿ ಒಂದನ್ನು ನೀನು ಕದಿಯುವುದಾದರೆ ಎಂತ ಕದಿಯುತ್ತಿದ್ದೆ?”

ಜೆಸ್ಸಿ ಯೋಚಿಸಲೇ ಇಲ್ಲ. “ತೂಗುಕುರ್ಚಿ. ಬಳೆಯನ್ನು ಹಾಗೆ ಕೂರಿಸುವುದು ನನಗೆ ಇನ್ನೂ ಗೊತ್ತಾಗಿಲ್ಲ. ಕಪಾಟು ಎಂತದ್ದು, ಪೊಟ್ಟಣಕ್ಕೆ ಪೊಟ್ಟಣ ಅಂಟಿಸಿದ್ದು. ಮೂರನೇ ಕ್ಲಾಸಿನಲ್ಲೇ ಮಾಡಿದ್ದೇನೆ.”

ಯಾರೋ ಕಿಸಕ್ಕನೆ ನಕ್ಕರು. ರೊಸಾರಿಯೊ ನಗಲಿಲ್ಲ.

“ಕೇಳಿದಿರಲ್ಲ? ಹೊಟ್ಟೆಕಿಚ್ಚಿನವಳು ಒಳ್ಳೆಯದಕ್ಕೆ ಕೈ ಹಾಕುತ್ತಾಳೆ. ಇಲ್ಲಿ ಅತಿ ಸಾಧಾರಣ ವಸ್ತು ಹೋಗಿದೆ. ಯಾಕೆ? ಕದ್ದವರಿಗೆ ಬೇಕಿದ್ದದ್ದು ಕಪಾಟಲ್ಲ, ಅದರೊಳಗಿನ ಕಾಗದ. ಗಡಿಬಿಡಿಯಲ್ಲಿ ಒಂದು ಡ್ರಾವರ್ ಕೆಳಗೆ ಬಿತ್ತು. ಹಾಸಿದ ಬಟ್ಟೆ ಅದನ್ನು ಮುಚ್ಚಿತು.”

ಕನ್ನಡಕ ಏರಿಸಿ ಡ್ರಾವರಿನ ತಳ ಓದಿದರು. ಕನ್ನಡ ಅಕ್ಷರ, ಕೊಂಕಣಿ ಮಾತು. “ತುಜೊ ಉಗ್ಡಾಸ್ ಯೆತಾ.” ನಿನ್ನ ನೆನಪಾಗುತ್ತದೆ ಎಂದು.

“ಮೂವತ್ತು ವರ್ಷ ಈ ಊರಿನ ಕಾಗದ ವಿಂಗಡಿಸಿದ್ದೇನೆ. ಯಾರ ಕೈಬರಹ ಎಂದು ನನಗೆ ಗೊತ್ತುಂಟು. ಅದು ಗೊತ್ತಿರುವವರು ಇಲ್ಲಿ ಇನ್ನೊಬ್ಬರಿದ್ದಾರೆ. ಹೌದಲ್ವಾ ಬರ್ತಾಬಾಯಿ?”

ಬರ್ತಾಬಾಯಿ ಉಳಿದ ಮೇಜುಬಟ್ಟೆಗಳ ಬುಟ್ಟಿಯನ್ನು ಎದೆಗವಚಿಕೊಂಡಿದ್ದರು. ಆಮೇಲೆ ಬುಟ್ಟಿ ಕೆಳಗಿಟ್ಟು, ಮಡಿಕೆಗಳ ನಡುವಿನಿಂದ ಕಪಾಟು ತೆಗೆದು ಮೇಜಿನ ಮೇಲೆ ಕುಕ್ಕಿದರು.

“ನನ್ನ ಗಂಡ ಈ ಇಮೆಲ್ಡಾಳಿಗೆ ಯಾಕೆ ಬರೆಯಬೇಕು? ಇವಳ ನೆನಪು ಅವರಿಗೆ ಯಾಕೆ ಬರಬೇಕು? ಕೇಳಿ ಅವಳನ್ನು.”

ಹೆಂಗಸರ ಕಣ್ಣೆಲ್ಲ ಈಗ ಇಮೆಲ್ಡಾಳ ಮೇಲೆ.

ರೊಸಾರಿಯೊ ಕುರ್ಚಿ ಎಳೆದು ಕುಳಿತರು. ಏಳು ಡ್ರಾವರುಗಳನ್ನೂ ಎಳೆದು ಸಾಲಾಗಿಟ್ಟರು. ಒಂದರಲ್ಲಿ ಬರಹದ ಮಗ್ಗುಲು ಕೆಳಗಾಗಿ ಅಂಟಿತ್ತು. ಕರವಸ್ತ್ರವನ್ನು ಒದ್ದೆ ಮಾಡಿ ಅದರ ಮೇಲೊತ್ತಿ ಸ್ವಲ್ಪ ಕಾದರು. ಕಾಗದದ ಚೂರು ಹರಿಯದೆ ಎದ್ದು ಬಂತು. ಈ ವಿದ್ಯೆ ಎಲ್ಲಿ ಕಲಿತಿರಿ ಎಂದು ಪೋಸ್ಟ್ ಮಾಸ್ಟರನ್ನು ಯಾರೂ ಕೇಳಲಿಲ್ಲ.

“ಮೊಗಾಚ್ಯಾ ಬರ್ತಾ,” ಎಂದು ಓದಿದರು. ಪ್ರೀತಿಯ ಬರ್ತಾ.

ಬರ್ತಾಬಾಯಿ ಬಗ್ಗಿ ಆ ಚೂರನ್ನು ನೋಡಿದರು.

ಆಗ ಇಮೆಲ್ಡಾ ನೆನಪಿಸಿಕೊಂಡು ಹೇಳಿದಳು. ಖಾಲಿ ಬೆಂಕಿಪೊಟ್ಟಣ ತುಂಬಿ ಬರ್ತಾಬಾಯಿಯೇ ಕೊಟ್ಟ ಬಿಸ್ಕತ್ತಿನ ಡಬ್ಬಿ. ಕ್ರಿಸ್‌ಮಸ್ಸಿಗೆ ಅದರಲ್ಲಿ ಕುಸ್ವಾರದ ತಿಂಡಿ ತುಂಬಿದ್ದಿರಬೇಕು, ತಳದ ಕಾಗದಕ್ಕೆ ಎಣ್ಣೆ ಹಿಡಿದಿತ್ತು. ರೊಸಾರಿಯೊ ಚೂರನ್ನು ಬೆಳಕಿಗೆ ಹಿಡಿದರು. ಎಣ್ಣೆಯ ಕಲೆ ಅಲ್ಲೇ ಇತ್ತು.

“ನಿಮಗೇ ಬಂದದ್ದಲ್ವಾ?” ಎಂದರು. “ಓದಿದ್ದು ನೆನಪಿಲ್ಲವಾ?”

“ಹೇಗೆ ನೆನಪಿರುತ್ತದೆ ಮಾಸ್ಟ್ರೇ,” ಬರ್ತಾಬಾಯಿಯ ದನಿ ಬಿದ್ದುಹೋಗಿತ್ತು. “ಎಲ್ಲ ಕಾಗದದಲ್ಲೂ ಅದನ್ನೇ ಬರೆಯುತ್ತಾರೆ.”

ಅವರು ಇಮೆಲ್ಡಾಳ ಕೈ ಹಿಡಿದು ಅತ್ತರು. ಜೆಸ್ಸಿಯ ಕೈ ಹಿಡಿಯಲು ನೆನಪಾಗಲಿಲ್ಲ. ಮನೋರಮಾ ಟೀಚರ್ ಮಾತ್ರ ಹತ್ತಿರ ಬಂದು, ರವಿಕೆ ಶುಕ್ರವಾರದೊಳಗೆ ಆದರೆ ಸಾಕು ಎಂದಳು.

ಜೆಸ್ಸಿ ತಲೆಯಾಡಿಸಿದಳು. ಸಮಾಧಾನವಾಗಬೇಕಿತ್ತು. ಹೆಸರು ಉಳಿಯಿತು, ಬಟ್ಟೆಗಳು ಉಳಿದವು. ತೂಗುಕುರ್ಚಿ ಪಕ್ಕದಲ್ಲೇ ತೂಗುತ್ತಿತ್ತು, ಅದರ ಮೇಲಿನ ಅಸೂಯೆ ಎಲ್ಲಿ ಹೋಯಿತೋ. ಅವಳ ಕಣ್ಣು ಸಾಲಾಗಿಟ್ಟ ಆ ನೀಲಿ ಡ್ರಾವರುಗಳಿಂದ ಏಳಲಿಲ್ಲ. ಓದಿ, ಮರೆತು, ತಿಂಡಿಯ ಡಬ್ಬಿಗೆ ಹಾಸುವಷ್ಟು ಕಾಗದ ಬರುತ್ತದಂತೆ ಒಬ್ಬಳಿಗೆ.

ತಲೆಯೆತ್ತಿದಾಗ ರೊಸಾರಿಯೊ ಅವಳನ್ನೇ ನೋಡುತ್ತಿದ್ದರು. ಮೂವತ್ತು ವರ್ಷದಲ್ಲಿ ಯಾರ ಮನೆಗೆ ಎಷ್ಟು ಕಾಗದ ಬಂದಿದೆ, ಯಾರ ಮನೆಗೆ ಒಂದೂ ಬಂದಿಲ್ಲ ಎಂದು ಊರಿನಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ಅವರು ಕನ್ನಡಕ ತೆಗೆದು ಒರೆಸತೊಡಗಿದರು.