ಕಮಾನಿಗೆ ಅಂಟಿಸಿದ ಹೊಸ ಗಾಜು

ಮೊದಲೇ ಹೇಳಿಬಿಡುತ್ತೇನೆ: ಬೆಸಿಲಿಕಾ ಕೇಸು ಒಡೆದದ್ದು ನಾನು. ಇನ್‌ಸ್ಪೆಕ್ಟರ್ ಮೇಡಂ ಇದ್ದರು, ಎಂಜಿನಿಯರ್ ಇದ್ದರು, ಇಲ್ಲ ಅನ್ನುವುದಿಲ್ಲ. ಪಿಕ್ಚರ್ ಅಂದ ಮೇಲೆ ಸೈಡ್ ಆ್ಯಕ್ಟರ್‌ಗಳೂ ಬೇಕಲ್ಲ. ಆದರೆ ಆರೋಪಿಯ ಬಾಯಿಂದ ಸತ್ಯ ಹೊರಬಂದದ್ದು ಈ ಕಾನ್‌ಸ್ಟೇಬಲ್ ಬೀಸಿದ ಬಲೆಯಿಂದ. ಹುಷಾರಾಗಿ ಓದಿ, ರಿವೈಂಡ್ ಇಲ್ಲ.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಎಂಜಿನಿಯರ್ ಠಾಣೆಗೆ ಬಂದರು. ನಮ್ಮೂರಿನ ಹಳೆಯ ದೊಡ್ಡ ಚರ್ಚು ಬೆಸಿಲಿಕಾದ ಗೋಡೆ, ಗುಮ್ಮಟಗಳ ಮೇಲೆ ನಿಗಾ ಇಡುವ ಕೆಲಸ ಅವರದು.

"ನನ್ನ ಗಾಜು ಯಾರೋ ಕ್ಲೀನ್ ಮಾಡಿದಾರೆ."

"ಕಂಪ್ಲೇಂಟ್ ಅದೇನಾ ಸಾರ್?" ಅಂದೆ ನಾನು. "ಅವರ ಅಡ್ರೆಸ್ ಸಿಕ್ರೆ ನಮಗೂ ಕೊಡಿ. ಈ ಠಾಣೆ ಕಿಟಕಿ ಒಮ್ಮೆ ನೋಡಿ."

ಮೇಡಂ ನನ್ನತ್ತ ಒಂದು ನೋಟ ಬೀರಿದರು. ನಾನು ಸೈಲೆಂಟ್ ಮೋಡ್‌ಗೆ ಹೋದೆ.

ವಿಷಯ ಇಷ್ಟು. ಹಳೆಯ ಕಟ್ಟಡದ ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿ ಅಂಟಿಸಿರುತ್ತಾರೆ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಪಟ್ಟನೆ ಒಡೆಯುತ್ತದೆ. ಬೆಸಿಲಿಕಾದಲ್ಲಿ ಅಂಥವು ಹತ್ತು. ಒಂಬತ್ತರ ಮೇಲೆ ವರ್ಷದ ಮೇಣದಬತ್ತಿಯ ಮಸಿ ಕೂತಿದೆ. ಗುಮ್ಮಟ ಹೊತ್ತ ಕಮಾನಿನ ಮೇಲಿರುವುದು ಮಾತ್ರ ಫಳಫಳ.

"ಒರೆಸಿದ್ದಲ್ಲ ಅನ್ಸುತ್ತೆ ಮೇಡಂ. ಹಳೇದು ಒಡೆದಿದೆ, ಯಾರೋ ಹೊಸದು ಹಾಕಿದಾರೆ."

"ಒಡೆದ್ರೆ ಏನರ್ಥ?"

"ಒಂದೇ ಸಲ ಆದ್ರೆ ಏಣಿ ತಗುಲಿರಬಹುದು. ಮತ್ತೆ ಮತ್ತೆ ಒಡೆದಿದ್ರೆ ಕಮಾನು ಜಾರ್ತಿದೆ ಅಂತ. ನಾಳೆ ಭಾನುವಾರ. ಅದರ ಕೆಳಗೆ ಎರಡು ಸಾವಿರ ಜನ ಕೂತಿರ್ತಾರೆ."

ಎಫ್‌ಐಆರ್ ದಾಖಲಾಯಿತು. ಆಮೇಲೆ ಯಾರೂ ಜೋಕು ಹೊಡೆಯಲಿಲ್ಲ.

ಫಾದರ್ ಬೆಸಿಲಿಕಾದ ಬಾಗಿಲಲ್ಲೇ ಕೈ ಚೆಲ್ಲಿದರು. "ಮುನ್ನೂರು ವರ್ಷದಿಂದ ನಿಂತಿದೆ ತಾಯಿ. ಗಾಜು ಹೊಳೀತಿದೆ ಅಂತ ಬಾಗಿಲು ಹಾಕಿದ್ರೆ ಜನ ನನ್ನನ್ನ ಏನನ್ಬೇಡ? ಆಧಾರ ತನ್ನಿ, ಈಗಲೇ ಬೀಗ ಹಾಕ್ತೀನಿ."

ಪಂಚನಾಮೆ ಶುರುವಾಯಿತು. ಮೇಡಂ ಏಣಿ ಹತ್ತಿ ಗಾಜಿನ ಅಂಚನ್ನು ಉಗುರಿನಿಂದ ಕೆರೆದರು. ಎಂಜಿನಿಯರ್ ಅಂಟಿಸಿದ್ದ ಒಂಬತ್ತಕ್ಕೂ ಅಂಗಡಿಯ ಬಿಳಿ ಪ್ಲಾಸ್ಟರ್. ಹತ್ತನೆಯದಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಕೆಂಪು ಗಾರೆ.

"ಇದನ್ನ ಇಲ್ಲಿ ಯಾರು ಕಲಸ್ತಾರೆ?"

"ರಿಪೇರಿ ಮೇಸ್ತ್ರಿ, ಮತ್ತವರ ಮಗಳು. ಇನ್ಯಾರೂ ಇಲ್ಲ," ಅಂದರು ಎಂಜಿನಿಯರ್.

ಮಧ್ಯಾಹ್ನ ಮೂರಕ್ಕೆ ಇಬ್ಬರನ್ನೂ ಆ ಕಮಾನಿನ ಹತ್ತಿರಕ್ಕೇ ಕರೆಸಿದೆವು. ಮೇಸ್ತ್ರಿ ಅರವತ್ತು ದಾಟಿದವರು, ಮಾತು ಅಳೆದು ಸುರಿದಂತೆ. ಮಗಳು ಉಲ್ಟಾ, ಕೆಲಸದ ಮಾತು ಬಂದರೆ ಮುಖವೆಲ್ಲ ಬೆಳಕು.

"ಗಾಜು ಬದಲಾಯಿಸಿದ್ದು ಯಾರು?" ಮೇಡಂ ಮೇಸ್ತ್ರಿಯನ್ನು ಕೇಳಿದರು.

"ಗೊತ್ತಿಲ್ಲಮ್ಮ."

"ಗಾರೆ ನಿಮ್ಮದೇ ಅಲ್ವಾ?"

"ಬಕೆಟ್ ಹೊರಗೇ ಇರುತ್ತೆ. ಯಾರು ಬೇಕಾದ್ರೂ ತಗೊಂಡಿರ್ಬೋದು."

ಇದೇ ನನ್ನ ಎಂಟ್ರಿ ಅಂದುಕೊಂಡೆ. ಬೆಲ್ಟು ಸರಿಮಾಡಿಕೊಂಡು, "ಮೇಸ್ತ್ರೀ, ಸತ್ಯ ಲೇಟಾಗಿ ಬರಬಹುದು, ಆದ್ರೆ ಟಿಕೆಟ್ ಇಲ್ದೆ ಬರಲ್ಲ!" ಅಂದೆ.

"ಏನಪ್ಪಾ ಹಾಗಂದ್ರೆ?" ಅಂತ ಅವರು ನಿಜವಾಗಿಯೂ ಕೇಳಿದರು. ನನಗೂ ಗೊತ್ತಿರಲಿಲ್ಲ.

"ನೀನು ಸ್ವಲ್ಪ ಆ ಕಡೆ ಹೋಗು," ಅಂದರು ಮೇಡಂ. ಆಮೇಲೆ ಮಗಳತ್ತ ತಿರುಗಿ, "ಈ ಕಮಾನಿನ ಹತ್ತಿರ ಇತ್ತೀಚೆಗೆ ಏನು ಕೆಲಸ ಮಾಡಿದ್ರಿ?"

"ಕಂಬದ ಬುಡ, ಮೇಡಂ. ನಂದೇ ಕೆಲಸ, ಪೂರ್ತಿ ನಂದೇ! ಈ ಕಂಬಗಳು ಇನ್ನೂ ಹಳೇ ಯಾವುದೋ ಕಟ್ಟಡದಿಂದ ಹೊತ್ತು ತಂದವು, ಒಂದೊಂದು ಒಂದೊಂದು ಎತ್ತರ. ಗಿಡ್ಡ ಕಂಬಕ್ಕೆ ಕೆಳಗೆ ಪೀಠ ಕೊಟ್ಟಿದಾರೆ. ನಡುವೆ ಸೀಸದ ತಗಡು ಇತ್ತು, ಹೊರಗೆ ಇಣುಕಿ ಅಸಹ್ಯವಾಗಿತ್ತು. ತೆಗೆದು ಸಿಮೆಂಟ್ ತುಂಬಿದೆ. ನೋಡಿ, ಎಷ್ಟು ನೀಟಾಗಿದೆ!"

ಎಂಜಿನಿಯರ್ ಬಗ್ಗಿ ಆ ಸಿಮೆಂಟನ್ನು ಕುಟ್ಟಿ ನೋಡಿ, ಮೇಡಂ ಕಿವಿಯಲ್ಲಿ ಮೆಲ್ಲಗೆ ವಿವರಿಸಿದರು. ಆ ಸೀಸ ಕಂಬದ ಕೆಳಗಿನ ಮೆತ್ತೆ. ಮೇಲಿನ ಭಾರ ಅತ್ತಿತ್ತ ಆದರೆ ಅದು ಮಣಿದು ಹಂಚುತ್ತದೆ. ಸಿಮೆಂಟು ಮಣಿಯುವುದಿಲ್ಲ, ಏಟೆಲ್ಲ ನೇರ ಕಮಾನಿಗೆ.

ಮೇಸ್ತ್ರಿ ನೆಲ ನೋಡುತ್ತಿದ್ದರು. ಮಗಳಿಗೆ ಏನೂ ಹೊಳೆದಿರಲಿಲ್ಲ.

"ಎಷ್ಟು ಸಲ ಒಡೀತು, ಮೇಸ್ತ್ರಿ?" ಅಂದರು ಮೇಡಂ.

"ನಂಗೊತ್ತಿಲ್ಲ."

"ಇದರ ಕೆಳಗೆ ಮಕ್ಕಳು ಕೂರ್ತಾರೆ."

"ಗೊತ್ತಿಲ್ಲ ಅಂದ್ನಲ್ಲ."

ಐದೂವರೆಯಾಯಿತು. ಆಗ ಬಂತು ನನ್ನ ಬಲೆ. ನಾನು ನಿಧಾನಕ್ಕೆ ಹೋಗಿ, ಆ ಬಿರುಕಿನ ನೇರ ಕೆಳಗೆ, ಆ ಕಂಬಕ್ಕೇ ಬೆನ್ನು ಕೊಟ್ಟು ನಿಂತೆ. ಮೇಲೆ ಎಲ್ಲೋ ಕಿರ್ರ್ ಎಂದಿತು. ಚಿಟಿಕೆಯಷ್ಟು ಸುಣ್ಣ ನನ್ನ ಟೋಪಿಯ ಮೇಲೆ ಉದುರಿತು.

"ಏ ಮಗಾ, ಅಲ್ಲಿ ನಿಲ್ಬೇಡ್ವೋ!"

ಮೇಸ್ತ್ರಿಯ ವಯಸ್ಸಿನಲ್ಲಿ ಅಷ್ಟು ಜೋರಾಗಿ ಓಡಿದವರನ್ನು ನಾನು ನೋಡಿಲ್ಲ. ನನ್ನ ತೋಳು ಹಿಡಿದು ಎಳೆದ ರಭಸಕ್ಕೆ ಇಬ್ಬರೂ ಬೆಂಚುಗಳ ನಡುವೆ ಬಿದ್ದೆವು.

"ನಾಲ್ಕು ಸಲ," ಅಂದರು, ಬಿದ್ದಲ್ಲಿಂದಲೇ, ಏದುಸಿರು ಬಿಡುತ್ತಾ. "ಮೊದಲು ಎರಡು ತಿಂಗಳಿಗೆ ಒಂದ್ಸಲ. ಈಗ ವಾರದಲ್ಲೇ ಎರಡು. ಬೀಗ ಹಾಕ್ಸಿ ತಾಯಿ. ಹಾಕ್ಸಿಬಿಡಿ."

ಫಾದರ್ ತಾವೇ ಬೀಗ ಹಾಕಿದರು. ರಾತ್ರಿಯಾಗುವಷ್ಟರಲ್ಲಿ ಕಮಾನಿನ ಕೆಳಗೆ ಮರದ ಆಸರೆ ಕಂಬಗಳು ನಿಂತವು. ಮೇಸ್ತ್ರಿಯ ಬಂಧನ ಆರು ಇಪ್ಪತ್ತಕ್ಕೆ.

ಜೀಪಿನ ಹತ್ತಿರ ಮಗಳು ಅವರ ಅಂಗಿ ಹಿಡಿದಳು. "ಅಪ್ಪಾ, ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಮತ್ತೆ ಗಾರೆ ಕರಣೆ ಮುಟ್ತಿದ್ಯಾ?"

ಅವಳನ್ನು ಕೆಲಸಕ್ಕೆ ಸೇರಿಸಲು ಅವರು ಮೂರು ವರ್ಷ ಗೋಗರೆದಿದ್ದರಂತೆ. ಹೆಣ್ಣುಹುಡುಗಿಯ ಕೈಗೆ ಇಷ್ಟು ಹಳೆಯ ಕಲ್ಲು ಕೊಡುವುದೇ ಎಂದು ನಕ್ಕವರೆದುರು, ಕೊಟ್ಟು ನೋಡಿ ಎಂದಿದ್ದರಂತೆ. ಹೇಳಿಕೆಯಲ್ಲಿ ಇಷ್ಟೇ ಇದೆ.

ತನಿಖಾ ವರದಿಯಲ್ಲಿ ನನ್ನದನ್ನು 'ಸಮಯೋಚಿತ ತಂತ್ರ' ಎಂದು ಬರೆದಿದ್ದಾರೆ. ನಾನೂ ಎಲ್ಲರಿಗೂ ಹಾಗೇ ಹೇಳಿಕೊಂಡು ತಿರುಗಿದೆ. ನಿಮಗೂ ಹೇಳಿದೆ. ಆದರೆ ನಡೆದದ್ದು ಅದಲ್ಲ. ಸಂಜೆ ಬಿಸಿಲು ಬಣ್ಣದ ಕಿಟಕಿಯಿಂದ ಇಳಿದು ಆ ಕಂಬದ ಮೇಲೆ ಬಿದ್ದಿತ್ತು, ಹೀರೋಗೆ ಲೈಟ್ ಬಿಟ್ಟ ಹಾಗೆ. ಮೇಡಂ ಆ ಕಡೆ ಹೋಗು ಅಂದಿದ್ದರಲ್ಲ, ಅಲ್ಲಿ ಹೋಗಿ ಒರಗಿ ಒಂದು ಫೋಟೊ ತಗೊಳ್ಳೋಣ ಅಂತ ಮೊಬೈಲ್ ಎತ್ತಿದ್ದೆ, ಅಷ್ಟೇ. ಬಿರುಕಿನ ನೆನಪೇ ನನಗಿರಲಿಲ್ಲ. ಆ ಚಿಟಿಕೆ ಸುಣ್ಣ ಬಿಟ್ಟರೆ ಆ ಸಂಜೆ ನಾನು ನಿಂತ ಜಾಗದಲ್ಲಿ ಬೇರೇನೂ ಬೀಳಲೂ ಇಲ್ಲ. ಮೇಸ್ತ್ರಿ ಇನ್ನೊಂದು ನಿಮಿಷ ಸುಮ್ಮನಿದ್ದಿದ್ದರೆ, ನಾನು ಫೋಟೊ ತೆಗೆದುಕೊಂಡು ವಾಪಸ್ ಬರುತ್ತಿದ್ದೆ.